ಬಿರುಕು ಕಡೆಗೆ ಒಣಗುತ್ತದೆ

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ. ಈ ಒಂದು ಸಿಟ್ಟು ಮಾತ್ರ ವರ್ಷವಾದರೂ ಇಳಿದಿಲ್ಲ.

ಸೇಡಂನ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳುವ ನಾನು ಬಿಡುವಿನಲ್ಲಿ ಅಂತರಜಾಲದ ವಿಶ್ವಕೋಶಕ್ಕೆ ಕನ್ನಡದಲ್ಲಿ ಬರೆಯುತ್ತೇನೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಪುಕ್ಕಟೆ ಓದಬಹುದು. ನಮ್ಮ ಮನೆಮನೆಯ ನೆಲಕ್ಕೆ ಹಾಸಿರುವ ಶಹಾಬಾದಿನ ಫರ್ಶಿಕಲ್ಲಿನ ಬಗ್ಗೆ ಅದರಲ್ಲಿ ನಾಲ್ಕು ಸಾಲೂ ಇರಲಿಲ್ಲ. ಶಹಾಬಾದಿಗೆ ಹೋಗಿ, ಗಣಿಯಲ್ಲೇ ತಲೆ ಬೆಳ್ಳಗಾದ ಒಬ್ಬ ಮೇಸ್ತ್ರಿಯ ಎದುರು ಕುಳಿತೆ. ಅವರು ಎಲ್ಲರಿಗೂ ಚಾಚಾ. ಒಂದು ಕಲ್ಲಿನ ಮೇಲೆ ಕೊಡ ನೀರು ಸುರಿದು ಬಿಸಿಲಿಗೆ ಬಿಟ್ಟರು. ಕಲ್ಲೆಲ್ಲ ಒಣಗಿತು, ಕೂದಲೆಳೆಯಂಥ ಒಂದು ಗೆರೆ ಹಸಿಯಾಗಿಯೇ ಉಳಿಯಿತು.

“ಬಿರುಕು ನೀರು ಕುಡೀತದ ಸರ್, ಕಡೀಗಿ ಒಣಗ್ತದ. ಇಂಥ ಕಲ್ಲು ಮೆಟ್ಟಿಲಿಗಿ ಹಾಕಬಾರ್ದು. ಮಂದಿ ಈಗ ಮೊಬೈಲ್ ನೋಡಿ ಕಲ್ಲು ತಗೋತಾರ, ಬರೋಬರಿ ಬರೀರಿ.”

ಮನೆಗೆ ಬಂದು ‘ಬಿರುಕು ಮೊದಲು ಒಣಗುತ್ತದೆ’ ಎಂದು ಬರೆದೆ. ತೆಳ್ಳಗಿನ ಗೆರೆ, ಬೇಗ ಒಣಗಬೇಕು ಎಂದು ನನ್ನ ಓದಿದ ಬುದ್ಧಿ ಹೇಳಿರಬೇಕು. ತಪ್ಪು ನನ್ನದೇ. ಎರಡು ವರ್ಷ ಯಾರಿಗೂ ಅದು ಕಾಣಲಿಲ್ಲ. ಒಮ್ಮೆ ಚಾಚಾಗೆ ಅದನ್ನು ಓದಿ ಹೇಳಿದೆ.

“ಪೂರಾ ಉಲ್ಟಾ ಬರ್ದೀರಲ್ರಿ. ಮೊದ್ಲ ಅದು ತೆಗೀರಿ.”

ಅಲ್ಲೇ ಕುಳಿತು ತಿದ್ದಿದೆ. ಮರುದಿನ ವಿಶ್ವಕೋಶದವರು ತಪ್ಪು ಸಾಲನ್ನೇ ವಾಪಸು ಹಾಕಿದ್ದರು. ನನ್ನ ತಿದ್ದುಪಡಿಗೆ ಆಧಾರವಿಲ್ಲವಂತೆ. ಹಳೆಯ ಸಾಲಿಗೆ ಅಚ್ಚಾದ ಪುಸ್ತಕದ ಆಧಾರವಿದೆಯಂತೆ. ಆ ಪುಸ್ತಕ ತರಿಸಿದೆ. ಯಾರೋ ವಿದ್ವಾಂಸರು ನನ್ನ ಬರಹವನ್ನು ಅಲ್ಪವಿರಾಮ ಸಹಿತ ಎತ್ತಿ ಅಚ್ಚು ಹಾಕಿಸಿದ್ದರು. ಎಲ್ಲಿಂದ ತಂದದ್ದು ಎಂಬ ಮಾತೇ ಇಲ್ಲ. ಪುಕ್ಕಟೆ ಇಟ್ಟದ್ದನ್ನು ಒಯ್ಯಲಿ, ನನ್ನದೇನೂ ಅಡ್ಡಿಯಿಲ್ಲ. ಆದರೆ ಒಂದು ಕಲ್ಲಿನ ಮೇಲೆ ಒಂದು ತಂಬಿಗೆ ನೀರು ಹಾಕಿ ನೋಡಲು ಇವರಿಗೇನು ಧಾಡಿಯಾಗಿತ್ತು? ವಿಶ್ವಕೋಶದವರೊಂದಿಗೆ ಮೂರು ಸಲ ಜಗಳವಾಡಿದೆ. ಕಣ್ಣಾರೆ ಕಂಡದ್ದು ನಡೆಯುವುದಿಲ್ಲ, ಅಚ್ಚಾದದ್ದು ಬೇಕು ಎಂದರು.

ಚಾಚಾಗೆ ಹೇಳಲೇಬೇಕಾಯಿತು.

“ಆ ಪುಸ್ತಕದಾಂವ ಯಾವ ಗಣಿಯಾಗ ದುಡಿದಾನ್ರಿ?”

“ಯಾವ್ದೂ ಇಲ್ಲ ಚಾಚಾ. ನಾ ಬರ್ದಿದ್ದೇ ನೋಡಿ ಬರ್ದಾರ.”

“ನೀವರೆ ಅದು ಯಾರು ಹೇಳ್ಯಾರಂತ ಬರ್ದೀರಿ?”

ಮೊಬೈಲ್ ತೆಗೆದು ಓದಿದೆ: ‘ಶಹಾಬಾದಿನ ಹಳೆಯ ಮೇಸ್ತ್ರಿಗಳು ಹೇಳುವಂತೆ...’

ಅವರು ಚಹಾದ ಬಸಿಯನ್ನು ಕೆಳಗಿಟ್ಟರು.

“ಅಂದ್ರ ಸುಳ್ಳು ಹೇಳ್ದಾಂವ ನಾನೇ ಆದೆ ಬಿಡ್ರಿ.”