ದರ್ಜಿ ಮಾಸ್ತರ ಬೆರಳು
ತೋರುಬೆರಳಿನ ನರಹುಲಿಯನ್ನು ಡಾಕ್ಟರು ಮಂಜಿನಂತೆ ಕೊರೆಯುವ ಥಂಡಿ ಔಷಧಿಯಿಟ್ಟು ಸುಟ್ಟ ದಿನದಿಂದ ದರ್ಜಿ ಮಾಸ್ತರ ಅಂಗಡಿಯಲ್ಲಿ ಮೊದಲು ಬೆರಳಿನ ದರ್ಶನ, ಆಮೇಲೆ ಅಳತೆ. ಟೇಪು ಹಿಡಿದಾಗಲೂ ಆ ಬೆರಳು ಬಾವುಟದ ಹಾಗೆ ಮೇಲೆದ್ದೇ ಇರುತ್ತದೆ. ‘ಮೊದಲು ಗುಳ್ಳೆ ಏಳುತ್ತೆ, ಆಮೇಲೆ ಕಪ್ಪಗೆ ಹಕ್ಕಳೆ ಕಟ್ಟುತ್ತೆ. ಕೀಳಬಾರದು ಸ್ವಾಮಿ, ತಾನಾಗೇ ಉದುರಬೇಕು!’ ಪ್ಯಾಂಟು ಯಾವಾಗ ಎಂದರೆ, ‘ಬೆರಳನ್ನೇ ಕೇಳಿ’ ಎನ್ನುತ್ತಾರೆ. ‘ಮದುವೆ ಉಂಗುರಾನೂ ಇಷ್ಟು ಮೆರೆಸಿರಲಿಲ್ಲ’ ಎಂದು ಹೆಂಡತಿ ಗೊಣಗುತ್ತಾಳೆ. ಆದರೆ ನರಹುಲಿ ಅಂಟುತ್ತದೆಂದು ಹೆದರಿ, ಹುಟ್ಟಿ ಎರಡು ತಿಂಗಳಾದ ಮೊಮ್ಮಗಳನ್ನು ಮಾಸ್ತರು ಒಮ್ಮೆಯೂ ಮುಟ್ಟಿಲ್ಲವೆಂಬುದು ಗಿರಾಕಿಗಳಿಗೆ ಗೊತ್ತಿರಲಿಲ್ಲ. ನಿನ್ನೆ ಹೊಸ ಚರ್ಮ ನೋಡಿದ ಡಾಕ್ಟರು ಪೂರ್ತಿ ವಾಸಿಯಾಯಿತೆಂದರು. ಇಂದು ಹನ್ನೊಂದಾದರೂ ಅಂಗಡಿ ತೆರೆಯದಿದ್ದಾಗ ಗಿರಾಕಿಯೊಬ್ಬ ಮನೆಗೇ ಹೋದರೆ, ತೊಟ್ಟಿಲಿನ ಪಕ್ಕ ಬಗ್ಗಿದ್ದ ಮಾಸ್ತರು ಪಿಸುಗುಟ್ಟಿದರು: ‘ಬೆರಳು ಹಿಡ್ಕೊಂಡು ನಿದ್ದೆ ಹೋಗಿದ್ದಾಳೆ ಸ್ವಾಮಿ. ಕೀಳಬಾರದು, ತಾನಾಗೇ ಬಿಡಬೇಕು.’