ಡೆನಿಸ್ ಹ್ಯಾಲಮ್ ಮತ್ತು ದೊಡ್ಡ ಕೆರೆಯ ಸುತ್ತು

ಬ್ರಾಕ್ಸ್‌ಬಿ ಪಟ್ಟಣದ ಹೊರಗಿರುವ ಕಂಟ್ರಿ ಪಾರ್ಕಿನಲ್ಲಿ ಎರಡು ಕೆರೆಗಳಿವೆ. ಒಂದು ಕಾಲದಲ್ಲಿ ರಸ್ತೆ ಕೆಲಸಕ್ಕೆಂದು ಜಲ್ಲಿ ಅಗೆದು ಬಿಟ್ಟುಹೋದ ಗುಂಡಿಗಳು ಅವು. ನೀರು ತುಂಬಿ, ಸುತ್ತ ಮರ ಬೆಳೆದು, ಬಾತುಕೋಳಿಗಳು ಬಂದು ನೆಲೆಸಿದ ಮೇಲೆ ಕೆರೆ ಎಂಬ ಮರ್ಯಾದೆ ಬಂತು. ಚಿಕ್ಕ ಕೆರೆಯ ಸುತ್ತು ಒಂದೂಕಾಲು ಮೈಲಿ, ದೊಡ್ಡದರದು ನಾಲ್ಕೂವರೆ. ನೀರನ್ನು ಎಡಗಡೆ ಇಟ್ಟುಕೊಂಡು ನಡೆಯುತ್ತಾ ಹೋದರೆ ಎಂಥವರೂ ಹೊರಟಲ್ಲಿಗೇ ಬಂದು ಸೇರುತ್ತಾರೆ. ದಾರಿ ತಪ್ಪಬೇಕೆಂದರೆ ಕೆರೆಗೇ ಇಳಿಯಬೇಕು. ಹೀಗಿದ್ದರೂ ಡೆನಿಸ್ ಹ್ಯಾಲಮ್ ಅವರ ಕೊರಳಲ್ಲಿ ಪ್ರತಿ ಗುರುವಾರ ಪ್ಲಾಸ್ಟಿಕ್ ಹೊದಿಸಿದ ನಕ್ಷೆ, ಒಂದು ದಿಕ್ಸೂಚಿ ಮತ್ತು ಒಂದು ಸೀಟಿ ನೇತಾಡುತ್ತಿದ್ದವು. ಅವರ ಕಿತ್ತಳೆ ಬಣ್ಣದ ಜಾಕೆಟ್ಟಿನ ಬೆನ್ನ ಮೇಲೆ ‘ನಾಯಕ’ ಎಂದು ಅಚ್ಚಾಗಿತ್ತು. ಅಚ್ಚು ಹಾಕಿಸಿದವರೂ ಅವರೇ.

ಡೆನಿಸ್ ಮೂವತ್ತನಾಲ್ಕು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವರು. ನಿವೃತ್ತಿಯಾಗಿ ಮೂರು ವಾರಕ್ಕೇ ಹೆಂಡತಿ ರೀಟಾ ಅವರನ್ನು ಅಡುಗೆಮನೆಯಿಂದ ಹೊರಗಟ್ಟಿದಳು. ಮಸಾಲೆ ಡಬ್ಬಿಗಳನ್ನು ಅಕ್ಷರಮಾಲೆಯ ಪ್ರಕಾರ ಜೋಡಿಸಿ, ಅವಳು ಮೆಣಸಿನ ಡಬ್ಬಿಯನ್ನು ತಪ್ಪು ಜಾಗದಲ್ಲಿ ಇಟ್ಟಾಗಲೆಲ್ಲ ಗಂಟಲು ಸರಿಮಾಡಿಕೊಳ್ಳುವ ಗಂಡನನ್ನು ಎಷ್ಟು ದಿನ ಸಹಿಸಲಾದೀತು? ಹೊರಗೆ ಬಿದ್ದ ಡೆನಿಸ್ ಸುಮ್ಮನೆ ಕೂರುವ ಆಸಾಮಿಯಲ್ಲ. ಗುರುವಾರದ ನಡಿಗೆ ಸಂಘ ಸ್ಥಾಪಿಸಿದರು. ಹದಿನಾಲ್ಕು ವರ್ಷದಲ್ಲಿ ಒಂದು ಗುರುವಾರವೂ ತಪ್ಪಿರಲಿಲ್ಲ. ಸಂಘಕ್ಕೆ ಹನ್ನೊಂದು ನಿಯಮಗಳಿದ್ದವು. ಏಳನೆಯದು ಹೀಗಿತ್ತು: ‘ದೊಡ್ಡ ಸುತ್ತನ್ನು ಪೂರ್ತಿ ನಡೆಯಲಾಗದವರು ಗೌರವಪೂರ್ವಕವಾಗಿ ಸಂಘದಿಂದ ಹಿಂದೆ ಸರಿಯತಕ್ಕದ್ದು.’

ಈ ನಿಯಮ ಒಮ್ಮೆ ಮಾತ್ರ ಜಾರಿಯಾಗಿತ್ತು. ಆರ್ಥರ್ ಪೆನ್ರೋಸ್ ಎಂಬ ಸಂಭಾವಿತ, ಮಂಡಿ ನೋವು, ಇವತ್ತೊಂದು ದಿನ ಚಿಕ್ಕ ಕೆರೆಗೆ ಹೋಗಬಹುದೇ ಎಂದು ಕೇಳಿದ್ದರು. ಚಿಕ್ಕ ಕೆರೆ ತಳ್ಳುಗಾಡಿಯಲ್ಲಿ ಕೂರುವ ಕೂಸುಗಳಿಗೆ ಎಂದು ಡೆನಿಸ್ ಎಲ್ಲರ ಎದುರು ಹೇಳಿ ನಿಯಮ ಓದಿದ್ದರು. ಆರ್ಥರ್ ಥ್ಯಾಂಕ್ಸ್ ಹೇಳಿ, ಫ್ಲಾಸ್ಕ್ ಎತ್ತಿಕೊಂಡು ಹೋಗಿಬಿಟ್ಟರು. ಆ ವರ್ಷದ ಕ್ರಿಸ್‌ಮಸ್‌ಗೆ ಎಂದಿನಂತೆ ಕಾರ್ಡನ್ನೂ ಕಳಿಸಿದರು. ಆ ಊರಿನಲ್ಲಿ ಜಗಳವಾಡುವುದೇ ಹಾಗೆ.

ಈಗ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಡೆನಿಸ್ ಅವರ ಬಲ ಸೊಂಟದ ಕೀಲು ಸವೆದುಹೋಗಿತ್ತು. ಜೂನ್ ತಿಂಗಳಲ್ಲೇ ಡಾಕ್ಟರು ಎಕ್ಸ್‌ರೇ ತೆಗೆದು ತೋರಿಸಿ, ಎರಡು ಮೈಲಿಗಿಂತ ಹೆಚ್ಚು ನಡೆಯಬೇಡಿ ಎಂದಿದ್ದರು. ಎರಡು ಮೈಲಿ ನಡೆದರೆ ದೊಡ್ಡ ಕೆರೆಯ ಆಚೆ ದಡದಲ್ಲಿ ನಡುನೀರಿನ ಪಾಡು. ಹಾಗೆಂದು ಸಂಘದಲ್ಲಿ ಹೇಳಿದರೆ ಏಳನೆಯ ನಿಯಮ ಕಾದು ಕೂತಿದೆ. ಅವರಿಗಿದ್ದದ್ದು ಗುರುವಾರವೊಂದೇ. ವಾರದ ಉಳಿದ ಆರು ದಿನ ಅದಕ್ಕೆ ಕಾಯುವುದು, ಅಷ್ಟೆ. ತಾವೇ ಬರೆದ ಸಾಲಿನಿಂದ ತಾವೇ ಹೊರಗೆ ಬೀಳುವ ಹೊತ್ತು ಬಂದಿದೆ ಎಂಬುದನ್ನು ಅವರು ರೀಟಾಳ ಹತ್ತಿರ ಮಾತ್ರ ಹೇಳಿಕೊಂಡಿದ್ದರು. ಹೇಳಿಬಿಡು, ಯಾರೂ ನಿನ್ನನ್ನು ತಿನ್ನುವುದಿಲ್ಲ ಎಂದು ಅವಳು ನಾಲ್ಕು ತಿಂಗಳಿಂದ ಹೇಳುತ್ತಿದ್ದಳು.

ಹೇಳುವ ಬದಲು ಡೆನಿಸ್ ದುರ್ಬೀನು ಕೊಂಡರು. ಹಕ್ಕಿಗಳ ಮುಖವನ್ನೂ ಸರಿಯಾಗಿ ನೋಡದಿದ್ದ ಮನುಷ್ಯ ಈಗ ಅರ್ಧ ಮೈಲಿಗೊಮ್ಮೆ ಕೈ ಎತ್ತಿ ಸಂಘವನ್ನು ನಿಲ್ಲಿಸಿ, ಬೇಲಿಗೆ ಒರಗಿ, ನೀರಿನ ಕಡೆ ಬೆರಳು ತೋರಿಸತೊಡಗಿದರು. ಆ ಕೆರೆಯಲ್ಲಿ ಇದ್ದದ್ದು ನಾಲ್ಕು ಬಗೆಯ ಹಕ್ಕಿ. ಹಣೆಯ ಮೇಲೆ ಬಿಳಿ ನಾಮವಿರುವ ಕರಿ ನೀರುಕೋಳಿಯನ್ನು ಸಂಘದವರು ಒಂದೇ ಬೇಸಿಗೆಯಲ್ಲಿ ಅರವತ್ತು ಸಲ ನೋಡಿದರು. ಪ್ರತಿ ಸಲವೂ ಎಷ್ಟು ಚೆನ್ನಾಗಿದೆ ಅಂದರು, ಇನ್ನೂ ಸ್ವಲ್ಪ ನೋಡೋಣ ಅಂದರು.

ಡೆನಿಸ್ ಅವರಿಗೆ ಬೇಸರವಿದ್ದದ್ದು ಸದಸ್ಯರ ಅಶಿಸ್ತಿನ ಬಗ್ಗೆ. ಗ್ವೆನ್ ಆಲ್ಡಸ್, ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದ ಎಪ್ಪತ್ತೆಂಟರ ಹೆಂಗಸು, ಕಾಲು ಮೈಲಿಗೊಮ್ಮೆ ಕೂತು ಶೂ ಲೇಸು ಕಟ್ಟುತ್ತಿದ್ದಳು. ಟ್ರೆವರ್ ಎಂಬಾತನಿಗೆ ಗುರುವಾರವೇ ಊರಿನವರೆಲ್ಲ ಫೋನು ಮಾಡುತ್ತಿದ್ದರು. ಕಲ್ಲಿನ ಮೇಲೆ ಕೂತು ಮಾತಾಡಿದ್ದೂ ಮಾತಾಡಿದ್ದೇ. ಉಳಿದ ಮೂವರು ಅಣಬೆಯ ಫೋಟೋ ತೆಗೆಯುವ ಹುಚ್ಚು ಹತ್ತಿಸಿಕೊಂಡು ಸಿಕ್ಕಸಿಕ್ಕಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಮುಂದಿನ ವಾರ್ಷಿಕ ಸಭೆಯಲ್ಲಿ ಇದಕ್ಕೊಂದು ಹನ್ನೆರಡನೆಯ ನಿಯಮ ತರಬೇಕೆಂದು ಡೆನಿಸ್ ಮನಸ್ಸಿನಲ್ಲೇ ಬರೆದಿಟ್ಟುಕೊಂಡಿದ್ದರು.

ಅಕ್ಟೋಬರ್ ತಿಂಗಳ ಎರಡನೆಯ ಗುರುವಾರ ಅವರ ಕೀಲು ಬೆಳಿಗ್ಗೆ ಏಳುವಾಗಲೇ ಕಿರುಗುಟ್ಟಿತು. ಪಾರ್ಕಿನ ಗೇಟಿನಲ್ಲಿ ಅವರೂ ಸೇರಿ ಏಳು ಜನ ಸೇರಿದರು. ಏಳನೆಯವ ಹೊಸಬ, ಹ್ಯೂ. ಐವತ್ತೆಂಟು ವಯಸ್ಸು, ಜೊತೆಗೊಂದು ನಾಯಿ, ಇಬ್ಬರ ಕಾಲೂ ಗಟ್ಟಿ. ದಾರಿ ಕವಲೊಡೆಯುವ ಜಾಗಕ್ಕೆ ಬರುವಷ್ಟರಲ್ಲಿ ಡೆನಿಸ್ ಅವರ ಹಣೆಯಲ್ಲಿ ಬೆವರು ಮೂಡಿತ್ತು. ಬಲಕ್ಕೆ ತಿರುಗಿದರೆ ದೊಡ್ಡ ಕೆರೆ, ಎಡಕ್ಕೆ ಚಿಕ್ಕದು. ಅಲ್ಲಿ ನಿಂತು, ನಕ್ಷೆಯನ್ನು ಕಣ್ಣ ಮುಂದೆ ಹಿಡಿದು, ಆಚೆ ದಡದ ದಾರಿಯ ಮೇಲೆ ನೀರು ನುಗ್ಗಿದೆಯಂತೆ, ಸುರಕ್ಷತೆಯ ದೃಷ್ಟಿಯಿಂದ ಇವತ್ತು ಚಿಕ್ಕ ಸುತ್ತು ಎಂದು ಘೋಷಿಸಿದರು.

ಅಯ್ಯೋ ಛೇ ಎಂದು ಐದು ಜನ ಒಟ್ಟಿಗೆ ಹೇಳಿದರು. ಹೇಳಿ ಮುಗಿಯುವ ಮೊದಲೇ ಎಡಕ್ಕೆ ತಿರುಗಿಯೂ ಆಗಿತ್ತು. ಗ್ವೆನ್ ಅಂತೂ ಹತ್ತು ಹೆಜ್ಜೆ ಮುಂದಿದ್ದಳು.

‘ನೀರಾ?’ ಎಂದ ಹ್ಯೂ. ‘ಬೆಳಿಗ್ಗೆ ನಾಯಿ ಕರ್ಕೊಂಡು ಆ ಕಡೆಯಿಂದಾನೇ ಬಂದೆನಲ್ಲ. ಒಂದು ತೊಟ್ಟೂ ಇರಲಿಲ್ಲ.’

ಟ್ರೆವರ್ ಆಕಾಶ ನೋಡಿ, ಮೋಡ ಸ್ವಲ್ಪ ಸರಿದ ಹಾಗಿದೆ ಎಂದ. ಮತ್ತೊಬ್ಬರು ಹೌದು, ಸರಿದಿದೆ ಎಂದರು. ಗ್ವೆನ್ ತಿರುಗಿ ಬಂದಳು.

‘ಹ್ಯೂ, ಅಲ್ಲಿ ನೀರಿದೆ ಕಣಪ್ಪ.’

‘ಇಲ್ಲ ಗ್ವೆನ್, ನಾನೇ ಕಣ್ಣಾರೆ...’

‘ನೀನು ನೋಡಿದ್ದು ಬೆಳಿಗ್ಗೆ. ಈಗ ಬಂದಿದೆ. ಸುಮ್ನೆ ನಡಿ.’

ಮೂವತ್ತನಾಲ್ಕು ವರ್ಷ ಡೆನಿಸ್ ಬಸ್ಸಿನಲ್ಲಿ ಸುಳ್ಳು ಹೇಳುವವರನ್ನು ಹಿಡಿದಿದ್ದರು. ಟಿಕೆಟ್ ಇಲ್ಲದವನು ಜೇಬು ತಡಕಾಡುತ್ತಾ ತನ್ನ ಬೂಟನ್ನೇ ನೋಡುತ್ತಾನೆ ಎಂಬುದು ಅವರು ಕಂಡುಕೊಂಡಿದ್ದ ಸತ್ಯ. ಈಗ ತಾವು ಅಷ್ಟು ಹೊತ್ತಿನಿಂದ ನೋಡುತ್ತಿರುವುದು ತಮ್ಮ ಬೂಟನ್ನೇ ಎಂದು ತಿಳಿದು ಅವರಿಗೆ ನಾಚಿಕೆಯಾಯಿತು.

‘ನೀರಿಲ್ಲ,’ ಎಂದರು. ‘ನಾನು ಸುಳ್ಳು ಹೇಳಿದೆ. ನನ್ನ ಸೊಂಟದ ಕೀಲು ಸವೆದು ಹೋಗಿದೆ. ದೊಡ್ಡ ಸುತ್ತು ಇನ್ನು ನನ್ನ ಕೈಲಾಗಲ್ಲ. ಏಳನೇ ನಿಯಮದ ಪ್ರಕಾರ ನಾನು ಹೊರಟೆ.’ ಕೊರಳಿನಿಂದ ನಕ್ಷೆ, ದಿಕ್ಸೂಚಿ, ಸೀಟಿ ಮೂರನ್ನೂ ತೆಗೆದು ಹ್ಯೂ ಕಡೆ ಚಾಚಿದರು. ಹ್ಯೂ ಬಿಸಿ ಪಾತ್ರೆ ಕಂಡವನಂತೆ ಹಿಂದೆ ಸರಿದ. ಹಿಡಿಯುವವರಿಲ್ಲದೆ ಅವು ಡೆನಿಸ್ ಅವರ ಕೈಯಲ್ಲೇ ನೇತಾಡಿದವು.

‘ಎಷ್ಟು ದಿನದಿಂದ?’ ಎಂದಳು ಗ್ವೆನ್.

‘ಜೂನ್‌ನಿಂದ.’

‘ಬರೀ ಜೂನ್‌ನಿಂದ. ನಾನು ಹೋದ ವರ್ಷ ಮಾರ್ಚಿಂದ ಕಾಲು ನೋವಲ್ಲಿ ಸಾಯ್ತಾ ಇದ್ದೀನಿ. ನನ್ನ ಶೂಗೆ ಲೇಸೇ ಇಲ್ಲ ಕಣ್ರೀ, ಅಂಟಿಸೋ ಪಟ್ಟಿ. ನೀವು ಒಂದು ದಿನವಾದ್ರೂ ನೋಡಿದ್ರಾ?’

ಆಮೇಲೆ ಒಬ್ಬೊಬ್ಬರದೂ ಹೊರಗೆ ಬಂತು. ಟ್ರೆವರ್‌ಗೆ ಯಾರೂ ಫೋನು ಮಾಡುತ್ತಿರಲಿಲ್ಲ. ಕೆರೆಯ ಆಚೆ ದಡದಲ್ಲಿ ಸಿಗ್ನಲ್ಲೇ ಇರಲಿಲ್ಲ. ಅಣಬೆಯವರಿಗೆ ಅಣಬೆ ಕಂಡರೆ ಆಗದು. ಒಬ್ಬರದು ಬೆನ್ನು, ಒಬ್ಬರದು ಪಾದ, ಇನ್ನೊಬ್ಬರದು ಎದೆಯ ಗೂಡು. ಏಪ್ರಿಲ್‌ನಲ್ಲಿ ಐವರೂ ಗ್ವೆನ್ ಮನೆಯಲ್ಲಿ ಸೇರಿ, ಡೆನಿಸ್‌ಗೆ ಯಾರು ಹೇಳುವುದು ಎಂದು ಎರಡು ಕೆಟಲ್ ಚಹಾ ಮುಗಿಯುವ ತನಕ ಚರ್ಚಿಸಿದ್ದರು. ಪ್ರತಿಯೊಬ್ಬರೂ ಪಕ್ಕದವರನ್ನು ತೋರಿಸಿದ್ದರು. ಆ ಜಾಕೆಟ್ ಹಾಕಿಕೊಂಡು ಅಷ್ಟು ಸಂತೋಷದಿಂದ ಮುಂದೆ ನಡೆಯುವ ಮನುಷ್ಯನ ಮನಸ್ಸು ಮುರಿಯುವುದು ಹೇಗೆ?

‘ಕೊನೆಗೆ ಏನು ತೀರ್ಮಾನ ಆಯ್ತು?’ ಎಂದು ಡೆನಿಸ್ ಕೇಳಿದರು.

‘ನಿಮ್ಮ ಕಾಲು ಕೆಡೋ ತನಕ ಕಾಯೋಣ ಅಂತ,’ ಎಂದ ಟ್ರೆವರ್.

ಡೆನಿಸ್ ಬೇಲಿಗೆ ಒರಗಿದರು. ಈ ಸಲ ಹಕ್ಕಿಯ ನೆಪ ಬೇಕಾಗಲಿಲ್ಲ. ನಾಲ್ಕು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದ ರಭಸಕ್ಕೆ ಅವರಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಏಳನೆಯ ನಿಯಮ ತೆಗೆದುಹಾಕಬೇಕಾದರೆ ವಾರ್ಷಿಕ ಸಭೆ ಕರೆಯಬೇಕು, ಇಪ್ಪತ್ತೊಂದು ದಿನ ಮೊದಲು ನೋಟೀಸು ಕೊಡಬೇಕು ಎಂದರು. ಇರುವವರೆಲ್ಲ ಇಲ್ಲೇ ಇದ್ದೇವೆ, ಇದೇ ಸಭೆ, ಕೈ ಎತ್ತಿ ಎಂದಳು ಗ್ವೆನ್. ಆರು ಕೈ ಎದ್ದವು. ಸ್ವಲ್ಪ ತಡವಾಗಿ ಏಳನೆಯದೂ ಎದ್ದಿತು.

ಚಿಕ್ಕ ಕೆರೆಯ ದಾರಿಯಲ್ಲಿ ಅರ್ಧ ನಡೆದ ಮೇಲೆ ಡೆನಿಸ್, ಆರ್ಥರ್ ಪೆನ್ರೋಸ್ ಈಗ ಎಲ್ಲಿರುತ್ತಾರೆ ಎಂದು ಮೆಲ್ಲಗೆ ಕೇಳಿದರು. ಅವರಲ್ಲಿ ಕ್ಷಮೆ ಕೇಳಬೇಕಿತ್ತು.

ಗ್ವೆನ್ ಹೆಜ್ಜೆ ನಿಧಾನ ಮಾಡಿದಳು. ‘ಮಂಗಳವಾರ ಬನ್ನಿ, ಸಿಗ್ತಾರೆ. ನಾವೆಲ್ಲ ಮಂಗಳವಾರ ಅವರ ಜೊತೆ ಇದೇ ಕೆರೆ ಸುತ್ತೀವಿ. ನಾಲ್ಕು ವರ್ಷ ಆಯ್ತು.’

ಡೆನಿಸ್ ಅವರ ಮನಸ್ಸಿಗೆ ನೋವಾಗಬೇಕಿತ್ತು, ಸ್ವಲ್ಪ ಆಯಿತು ಕೂಡ. ಆದರೆ ಕಾಲು ನೋವನ್ನು ಬಚ್ಚಿಡದೆ ನಡೆಯುವ ಮನುಷ್ಯನಿಗೆ ಅಂಥದ್ದೆಲ್ಲ ಬೇಗ ಮರೆತುಹೋಗುತ್ತದೆ. ನಿಯಮ ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲ, ಬಿಸ್ಕತ್ತು ತರಬೇಕು ಅಷ್ಟೆ ಎಂದಳು ಗ್ವೆನ್.

ಪಾರ್ಕಿನ ಹೋಟೆಲು ನಡೆಸುವ ಜೋನ್ ಗಡಿಯಾರ ನೋಡಿ ಗಾಬರಿಯಾದಳು. ಹದಿನಾಲ್ಕು ವರ್ಷದಿಂದ ಹನ್ನೆರಡೂವರೆಗೆ ಬರುತ್ತಿದ್ದ ಸಂಘ ಹನ್ನೊಂದಕ್ಕೇ ಬಾಗಿಲಲ್ಲಿತ್ತು. ಅವಳು ಎಲ್ಲರ ಮುಖಗಳನ್ನು ಒಂದೊಂದಾಗಿ ಎಣಿಸಿ, ಕೈಯಲ್ಲಿದ್ದ ಬಟ್ಟೆಯನ್ನು ಎದೆಗೆ ಒತ್ತಿಕೊಂಡು, ‘ಯಾರು ಹೋದ್ರು?’ ಎಂದು ಕೇಳಿದಳು.

‘ಏಳನೇ ನಿಯಮ,’ ಎಂದಳು ಗ್ವೆನ್. ‘ಪಾಪ, ತುಂಬಾ ದಿನದಿಂದ ನರಳ್ತಾ ಇತ್ತು. ಏಳು ಚಹಾ ಕೊಡಮ್ಮ.’

ಚಹಾದ ಜೊತೆಗಿನ ಸ್ಕೋನ್ ಬನ್ನುಗಳು ಇನ್ನೂ ಒಲೆಯಲ್ಲೇ ಇವೆ, ಕಾಯಬೇಕಾಗುತ್ತದೆ ಎಂದಳು ಜೋನ್. ಪರವಾಗಿಲ್ಲ, ಬೇಕಾದಷ್ಟು ಹೊತ್ತಿದೆ ಎಂದು ಡೆನಿಸ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತರು.