ಮೂವತ್ತಾರು ಚಿತ್ರಗಳ ರೀಲು

ಬೈಂಡರಣ್ಣ ಆ ಕೂಟಕ್ಕೆ ಮೊದಲ ಸಲ ಬಂದ ದಿನ ಕ್ಯಾಮೆರಾವನ್ನೇ ತಂದಿರಲಿಲ್ಲ. ಕೈಯಲ್ಲೊಂದು ನೋಟುಪುಸ್ತಕ, ಕಿವಿಯ ಮೇಲೊಂದು ಮೊಂಡು ಪೆನ್ಸಿಲು. ಡ್ರಾಯಿಂಗ್ ಮೇಷ್ಟ್ರ ಮನೆಯ ಹಿಂದಿನ ಕೋಣೆಯಲ್ಲಿ ಬಾಗಿಲಿಗೆ ಅತಿ ಹತ್ತಿರದ ಸ್ಟೂಲನ್ನು ಹುಡುಕಿ, ಎದ್ದು ಹೋಗಲು ಅನುಕೂಲವಾಗುವಂತೆ ಅದರ ಅಂಚಿನಲ್ಲಿ ಕುಳಿತರು.

ಫೋಟೋ ತೆಗೆಯುವ ಹುಚ್ಚಿದ್ದ ಆರು ಮಂದಿ ತಿಂಗಳ ಮೊದಲ ಭಾನುವಾರ ಅಲ್ಲಿ ಸೇರುತ್ತಿದ್ದರು. ಯಾರಿಗೂ ಅದು ಹೊಟ್ಟೆಪಾಡಲ್ಲ. ಹಳೆಯ ರೀಲು ಕ್ಯಾಮೆರಾಗಳನ್ನು ಇಟ್ಟುಕೊಂಡು, ಒಬ್ಬರಿಗೆ ಗೊತ್ತಿದ್ದನ್ನು ಇನ್ನೊಬ್ಬರಿಗೆ ಹೇಳಿಕೊಡುತ್ತ, ಚಹಾ ಕುಡಿದು ಹರಟಿ ಹೋಗುವವರು. ಹೊಸಬರಿಗೆ ಏನು ಕಲಿಯುವ ಆಸೆ ಎಂದು ಮೇಷ್ಟ್ರು ಕೇಳಿದರು.

"ಫೋಟೋ ತೆಗೆಯೋದು ಬೇಡ ಮೇಷ್ಟ್ರೇ. ರೀಲು ತೊಳೆಯೋದು ಕಲಿಸಿದರೆ ಸಾಕು."

"ಊಟ ಬೇಡ, ಪಾತ್ರೆ ತೊಳೆದುಕೊಟ್ಟು ಹೋಗ್ತೀನಿ ಅಂದಹಾಗಾಯ್ತು" ಎಂದರು ಆರರಲ್ಲೊಬ್ಬರಾದ ನರ್ಸಮ್ಮ. ಎಲ್ಲರೂ ನಕ್ಕರು. ಬೈಂಡರಣ್ಣನೂ ನಕ್ಕರು, ಆದರೆ ಮಾತು ಬದಲಿಸಲಿಲ್ಲ.

ಸರ್ಕಾರಿ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಅವರದು ಮೂವತ್ತೊಂದು ವರ್ಷದ ನೌಕರಿ. ಹರಿದು ಬಂದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಅಂಟು ಹಚ್ಚಿ, ರಟ್ಟು ಕೂರಿಸಿ, ಕೊನೆಗೆ ಬೆನ್ನಿಗೆ ಹೆಸರಿನ ಚೀಟಿ ಅಂಟಿಸುವುದು. ಚೀಟಿಯಿಲ್ಲದ ಒಂದು ಪುಸ್ತಕವೂ ಅವರ ಮೇಜಿನಿಂದ ಮೇಲಕ್ಕೆ ಹೋದದ್ದಿಲ್ಲ. ಮನೆಯಲ್ಲೂ ಅದೇ ಚಾಳಿ. ಅಡುಗೆಮನೆಯ ಡಬ್ಬಗಳಿಗೆಲ್ಲ ದುಂಡಕ್ಷರದ ಚೀಟಿಗಳು. "ನನ್ನ ಹಣೆಗೂ ಒಂದು ಅಂಟಿಸಿಬಿಡಿ, ಯಾರ ಮನೆಯವಳು ಅಂತ ಮರೆತೀರಿ" ಎಂದು ಹೆಂಡತಿ ಹಾಸ್ಯ ಮಾಡುತ್ತಿದ್ದರು.

ಆ ಹೆಂಡತಿಗೆ ಫೋಟೋ ಎಂದರೆ ಆಗದು. ಗಂಡ ಕ್ಯಾಮೆರಾ ಎತ್ತಿದರೆ ಅಂಗೈ ಅಡ್ಡ ಹಿಡಿಯುವರು, ಇಲ್ಲವೇ ಒಲೆಯ ಮೇಲೇನೋ ಉಕ್ಕಿತೆಂದು ಒಳಗೆ ಓಡುವರು. ಇದ್ದದ್ದು ಎರಡೇ ಚಿತ್ರ. ಒಂದು ಹತ್ತೊಂಬತ್ತರ ಪ್ರಾಯದ ಮದುವೆಯ ಚಿತ್ರ, ಕಣ್ಣು ನೆಲಕ್ಕೆ. ಇನ್ನೊಂದು ಗುರುತಿನ ಚೀಟಿಯದು, ಆಗತಾನೇ ಯಾರದೋ ಬೈಗುಳ ತಿಂದ ಹಾಗಿನ ಮುಖ. ಬೈಂಡರಣ್ಣ ಮೂವತ್ತು ವರ್ಷ ಎದುರು ಕುಳಿತು ಉಂಡ ಮುಖ ಅವೆರಡರಲ್ಲೂ ಇರಲಿಲ್ಲ.

ಕಾಯಿಲೆ ಬಲಿತ ಮೇಲೆ ಒಂದು ಮಧ್ಯಾಹ್ನ ಆಕೆ ತಾವಾಗಿಯೇ ಎದ್ದು, ತಲೆ ಬಾಚಿಕೊಂಡು, ಕಿಟಕಿಯ ಪಕ್ಕ ಕುರ್ಚಿ ಎಳೆದು ಕುಳಿತರು. "ತೆಗೀರಿ ಈಗ. ನಾಳೆ ಕೇಳಿದರೆ ನಾನು ಒಲ್ಲೆ."

ಬೈಂಡರಣ್ಣ ರೀಲು ಮುಗಿಯುವವರೆಗೂ ತೆಗೆದರು. "ಮೂವತ್ತಾರೂ ನನಗೇನಾ? ಸುಮ್ನೆ ಹಾಳು ಮಾಡ್ತೀರಿ ರೀ" ಎಂದು ಆಕೆ ಗದರಿದ್ದೂ ಆ ರೀಲಿನೊಳಗೇ ಎಲ್ಲೋ ಸೇರಿತ್ತು. ಮೂರು ವಾರಕ್ಕೆ ಆಕೆ ಹೋಗಿಬಿಟ್ಟರು. ರೀಲು ಗುಂಡಿಗಳ ಡಬ್ಬಿಯಲ್ಲಿ ಉಳಿಯಿತು. ಅಂಗಡಿಯವನ ಕೈಗೆ ಕೊಡಲು ಬೈಂಡರಣ್ಣನಿಗೆ ಮನಸ್ಸು ಬರಲಿಲ್ಲ. ಅವನು ಬೇರೆಯವರ ಹತ್ತು ರೀಲುಗಳ ಜೊತೆ ಮುಳುಗಿಸಿ, ಹಾಳುಮಾಡಿ, ಒಂದು 'ಅಯ್ಯೋ' ಅಂದುಬಿಟ್ಟರೆ? ತಾನೇ ಕಲಿತು ತೊಳೆಯಬೇಕು. ಕೂಟಕ್ಕೆ ಬಂದದ್ದು ಅದಕ್ಕೆ. ಈ ವಿಷಯವನ್ನು ಅವರು ಯಾರಿಗೂ ಹೇಳಲಿಲ್ಲ.

ಕೆಲಸ ಬಲು ಬೇಗ ಕೈಹತ್ತಿತು. ಕತ್ತಲೆಯಲ್ಲಿ ಬೆರಳ ತುದಿಯಿಂದಲೇ ರೀಲನ್ನು ತೊಳೆಯುವ ಡಬ್ಬದ ಸುರುಳಿಗೆ ಏರಿಸಬೇಕು. ಕಾಗದವನ್ನು ಮುಟ್ಟಿಯೇ ಅದರ ನಾರು ಯಾವ ಕಡೆ ಓಡಿದೆ ಎಂದು ಹೇಳುವ ಕೈಗೆ ಅದೇನು ಮಹಾ. ಆದರೂ ಎಂಟು ತಿಂಗಳು ಗೋಡೆ, ಗೇಟು, ಮೆಟ್ಟಿಲುಗಳನ್ನು ತೆಗೆದು ತೆಗೆದು ತೊಳೆದರು. ಒಂದೂ ಕೆಡಲಿಲ್ಲ. "ಇನ್ನು ನಿಮಗೆ ಹೇಳಿಕೊಡೋದು ನನ್ನ ಹತ್ತಿರ ಏನೂ ಇಲ್ಲ" ಎಂದು ಮೇಷ್ಟ್ರು ಕೈ ಒರೆಸಿಕೊಂಡಾಗ, ಬರುವ ಬುಧವಾರ ಅರ್ಧ ದಿನ ರಜೆ ಹಾಕಿ ಹೆಂಡತಿಯ ರೀಲನ್ನು ತೊಳೆಯುವುದೆಂದು ಬೈಂಡರಣ್ಣ ಗಟ್ಟಿ ಮಾಡಿಕೊಂಡರು.

ಆ ತಿಂಗಳ ಪಾಠ, ಹಿಂದಿನ ಕೂಟದಲ್ಲೇ ಹೇಳಿಟ್ಟದ್ದು, ಒಂದರ ಮೇಲೊಂದು ಚಿತ್ರ. ಏಳು ಮಂದಿಯೂ ಒಂದೊಂದು ರೀಲು ಪೂರ್ತಿ ಫೋಟೋ ತೆಗೆದು, ನಾಲಿಗೆಯಷ್ಟು ತುದಿ ಹೊರಗುಳಿಯುವಂತೆ ಹಿಂದಕ್ಕೆ ಸುತ್ತಿ, ಬಟ್ಟೆಚೀಲಕ್ಕೆ ಹಾಕಬೇಕು. ಆಮೇಲೆ ಕಣ್ಣುಮುಚ್ಚಿ ಒಂದೊಂದು ಎತ್ತಿಕೊಂಡು, ಅದೇ ರೀಲನ್ನು ತಮ್ಮ ಕ್ಯಾಮೆರಾಕ್ಕೆ ಹಾಕಿ, ಇನ್ನೊಬ್ಬರ ಚಿತ್ರಗಳ ಮೇಲೆ ತಮ್ಮ ಚಿತ್ರ ತೆಗೆಯಬೇಕು. ಎರಡನೆಯ ಸಲ ಎಲ್ಲಿ ನೆರಳಿದೆಯೋ ಅಲ್ಲಿ ಮೊದಲಿನದು ಉಳಿಯುತ್ತದೆ. ಎಲ್ಲಿ ಬೆಳಕು ಹೆಚ್ಚೋ ಅಲ್ಲಿ ಅಳಿಸಿಹೋಗುತ್ತದೆ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತೋರಿಸಿದರು. ಬೈಂಡರಣ್ಣ ಅಭ್ಯಾಸಬಲದಿಂದ ಆಗಲೇ ಏಳು ಪುಟ್ಟ ಚೀಟಿ ಕತ್ತರಿಸಿ ತಂದಿದ್ದರು. "ಗುರುತು ಹಾಕುವ ಹಾಗಿಲ್ಲ ಅಣ್ಣಾ, ಗೊತ್ತಿಲ್ಲದೆ ಇರೋದೇ ಮಜಾ" ಎಂದು ಮೇಷ್ಟ್ರು ಅವನ್ನು ಮೇಜಿನಿಂದ ಗುಡಿಸಿಹಾಕಿದರು.

ಬೈಂಡರಣ್ಣ ಹಿಂದಿನ ವಾರವೇ ಗ್ರಂಥಾಲಯದ ಕಪಾಟುಗಳ ಚಿತ್ರ ತೆಗೆದು, ಆ ರೀಲನ್ನೂ ಗುಂಡಿಯ ಡಬ್ಬಿಯಲ್ಲೇ ಇಟ್ಟಿದ್ದರು. ಎರಡೂ ಒಂದೇ ಕಂಪನಿಯವು, ಒಂದೇ ಬಣ್ಣ. ಹೊಲಿಗೆ ಮುಗಿಸುವಾಗ ದಾರದ ತುದಿ ಹೊರಗೆ ಬಿಡುವ ಕೈ ಅವರದು. ಹಾಗಾಗಿ ಅವಳ ರೀಲಿಗೂ ನಾಲಿಗೆ ಹೊರಗಿತ್ತು. ಎಡಗಡೆಯದು ಅವಳದು, ಬಲಗಡೆಯದು ತನ್ನದು ಎಂದು ಮನಸ್ಸಿನಲ್ಲಿ ಲೆಕ್ಕವಿಟ್ಟುಕೊಂಡಿದ್ದರು. ಊರಿನ ಪುಸ್ತಕಗಳಿಗೆಲ್ಲ ಚೀಟಿ ಅಂಟಿಸಿದವರಿಗೆ ಇದೊಂದಕ್ಕೆ ಚೀಟಿ ಬೇಕೆಂದು ತೋಚಲಿಲ್ಲ. ಹೆಂಡತಿಯನ್ನು ಗುರುತಿಸಲು ಚೀಟಿಯೇ? ಕೂಟದ ದಿನ ಬೆಳಿಗ್ಗೆ ಬಲಗಡೆಯದನ್ನು ಎತ್ತಿ ತಂದು ಚೀಲಕ್ಕೆ ಹಾಕಿದರು, ಕಣ್ಣುಮುಚ್ಚಿ ಇನ್ನೊಂದನ್ನು ಎತ್ತಿಕೊಂಡು ಬಂದರು.

ಡಬ್ಬಿ ದುಂಡಗಿತ್ತು.

ಬುಧವಾರ ಮಧ್ಯಾಹ್ನ ಬಚ್ಚಲಮನೆಯ ಕಿಟಕಿಗೆ ಕಂಬಳಿ ಕಟ್ಟಿ, ನೀರಿನ ಬಿಸಿಯನ್ನು ಎರಡೆರಡು ಸಲ ಅಳೆದು, ಒಂದು ನಿಮಿಷ ಹೆಚ್ಚಲ್ಲ ಒಂದು ನಿಮಿಷ ಕಡಿಮೆಯಲ್ಲ ಎಂಬಂತೆ ತೊಳೆದರು. ಬಾಗಿಲು ತೆರೆದು ರೀಲನ್ನು ಬೆಳಕಿಗೆ ಹಿಡಿದರು. ಕಪಾಟು. ಕಪಾಟು. ಮತ್ತೆ ಕಪಾಟು. ತುದಿಯವರೆಗೂ ನೋಡಿದರು, ಮೂವತ್ತಾರು ಚಿತ್ರಗಳಲ್ಲೂ ಪುಸ್ತಕದ ಬೆನ್ನುಗಳು, ಅವುಗಳ ಮೇಲೆ ತಾವೇ ಬರೆದ ಚೀಟಿಗಳು. ತೊಳೆದದ್ದು ಮಾತ್ರ ಎಲ್ಲೂ ಒಂದು ಕಲೆಯಿಲ್ಲದೆ ಚೊಕ್ಕವಾಗಿತ್ತು.

ಒದ್ದೆ ಅಂಗಿಯಲ್ಲೇ ಮೇಷ್ಟ್ರ ಮನೆಗೆ ನಡೆದರು. ಅಷ್ಟು ದಿನ ಬಚ್ಚಿಟ್ಟದ್ದನ್ನು ಹೊಸ್ತಿಲಲ್ಲಿ ನಿಂತೇ ನಾಲ್ಕು ಮಾತಿನಲ್ಲಿ ಹೇಳಿದರು. ಯಾವ ರೀಲು ಯಾರ ಕೈಗೆ ಹೋಯಿತೆಂದು ಬಲ್ಲವರಿಲ್ಲ. ಮೇಷ್ಟ್ರು ಒಬ್ಬೊಬ್ಬರಿಗೂ ಫೋನು ಮಾಡಿ, ಒಂದು ರೀಲು ಅದಲುಬದಲಾಗಿದೆ, ಕ್ಯಾಮೆರಾಕ್ಕೆ ಹಾಕಬೇಡಿ ಎಂದಷ್ಟೇ ಹೇಳಿದರು. ಬೈಂಡರಣ್ಣನೂ ಸೇರಿ ಆರು ಮಂದಿ ಇನ್ನೂ ಶುರುಮಾಡಿರಲಿಲ್ಲ. ನರ್ಸಮ್ಮ ಮಾತ್ರ ಸೋಮವಾರವೇ ಮುಗಿಸಿದ್ದರು. ಆಸ್ಪತ್ರೆಯ ತಾರಸಿಯ ಮೇಲೆ, ಹತ್ತು ಗಂಟೆಯ ಬಿಸಿಲಿನಲ್ಲಿ, ಒಣಗಲು ಹಾಕಿದ್ದ ಬಿಳಿ ಹಾಸಿಗೆಬಟ್ಟೆಗಳ ಚಿತ್ರ.

ಏಳರಲ್ಲಿ ಆರು ಸುರಕ್ಷಿತ. ಬೈಂಡರಣ್ಣ ನಾಲ್ಕು ದಿನ ಆ ಲೆಕ್ಕವನ್ನೇ ಹಿಡಿದುಕೊಂಡು ಬದುಕಿದರು.

ಭಾನುವಾರ ಎಲ್ಲರೂ ಮೇಷ್ಟ್ರ ಮನೆಯಲ್ಲಿ ಮತ್ತೆ ಸೇರಿದಾಗ ಆರೂ ರೀಲುಗಳನ್ನು ಅವರೇ ತೊಳೆದರು, ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಮೊದಲನೆಯದರಲ್ಲಿ ಚಪ್ಪಲಿಗಳ ಸಾಲು, ಎರಡನೆಯದರಲ್ಲಿ ಮುಚ್ಚಿದ ಅಂಗಡಿಗಳು. ಐದನೆಯದರಲ್ಲಿ ಒಬ್ಬ ಹೆಂಗಸು ಕಂಡಾಗ ಅದನ್ನು ಕಿಟಕಿಯ ಬಳಿಗೆ ಒಯ್ದು ನೋಡಿದರು. ಅದು ಟೈಲರ ಅಂಗಡಿಯ ಬೊಂಬೆ. ಆರನೆಯದರಲ್ಲಿ ಬಸ್ ನಿಲ್ದಾಣ. ನರ್ಸಮ್ಮ ಮಡಿಲಲ್ಲಿದ್ದ ತಮ್ಮ ರೀಲನ್ನು ಎರಡು ಕೈಯಲ್ಲೂ ಕೊಟ್ಟರು. ಬೈಂಡರಣ್ಣ ಅದನ್ನೂ ತೊಳೆದರು.

ನೆಗೆಟಿವ್‌ನಲ್ಲಿ ಬಿಳಿಯದು ಕಪ್ಪಾಗಿ ಕಾಣುತ್ತದೆ. ತುದಿಯಿಂದ ತುದಿಗೆ ಕಪ್ಪು ಬಟ್ಟೆಗಳು ತೂಗುತ್ತಿದ್ದವು. ಬೈಂಡರಣ್ಣ ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿದರು. ಎರಡು ಬಟ್ಟೆಗಳ ನಡುವಿನ ನೆರಳಿನಲ್ಲಿ ಕುರ್ಚಿಯ ಕಾಲು. ಇನ್ನೊಂದರಲ್ಲಿ ನೀರಿನ ಟ್ಯಾಂಕಿನ ಕೆಳಗೆ ಒಂದು ಭುಜ. ಇಪ್ಪತ್ತಮೂರನೆಯದರಲ್ಲಿ ತಾರಸಿಯ ಬಾಗಿಲಿನ ಕತ್ತಲೆಗೆ ಒಂದು ಕಿವಿ, ಬಾಚಿದ ಕೂದಲಿನ ಅಂಚು, ಸಾಕು ಎನ್ನುವಂತೆ ಎತ್ತಿದ ಅಂಗೈ. ಮುಖವಿರಬೇಕಾದ ಕಡೆ ಬಟ್ಟೆಯಿತ್ತು.

"ಯಾರಣ್ಣಾ ಇದು?" ಎಂದರು ನರ್ಸಮ್ಮ, ಮೆಲ್ಲಗೆ.

"ನಮ್ಮ ಮನೆಯವಳು."

ನರ್ಸಮ್ಮ ಚೀಲ ಎತ್ತಿಕೊಂಡು ಹೊರಟುಹೋದರು. ಮುಂದಿನ ತಿಂಗಳು ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಮೂರನೆಯ ತಿಂಗಳು ಬೈಂಡರಣ್ಣ ಆಸ್ಪತ್ರೆಗೆ ಹೋಗಿ ಅವರ ಪಾಳಿ ಮುಗಿಯುವವರೆಗೆ ಬೆಂಚಿನ ಮೇಲೆ ಕಾದರು. ನರ್ಸಮ್ಮ ಎದುರು ಬಂದು ನಿಂತು, ಒಂದು ಮಾತು ಹೇಳಿದ್ದರೆ ನಾನು ಆ ಚೀಲಕ್ಕೆ ಕೈಯನ್ನೇ ಹಾಕುತ್ತಿರಲಿಲ್ಲ ಎಂದು ಕಣ್ಣೊರೆಸಿಕೊಂಡರು.

"ಹೇಳಿದ್ದರೆ ನೀವೆಲ್ಲ ಜೋಪಾನ ಮಾಡ್ತಿದ್ರಿ ಅಮ್ಮಾ. ನನಗೊಬ್ಬನಿಗೇ ಇರಲಿ ಅಂತ ಇಟ್ಟುಕೊಂಡೆ. ತಪ್ಪು ನಂದು. ಭಾನುವಾರ ಬನ್ನಿ, ನೀವಿಲ್ಲದೆ ಅಲ್ಲಿ ನಗೋರೇ ಇಲ್ಲ."

ನರ್ಸಮ್ಮ ಬಂದರು. ಆದರೆ ಮೊದಲಿನ ಹಾಸ್ಯ ಬರಲಿಲ್ಲ.

ಈಗ ಕೂಟದಲ್ಲಿ ರೀಲು ತೊಳೆಯುವ ಕೆಲಸವೆಲ್ಲ ಬೈಂಡರಣ್ಣನದು. ಎಲ್ಲರ ರೀಲಿಗೂ ಅವರು ಕತ್ತರಿಸಿದ ಚೀಟಿ ಅಂಟಿರುತ್ತದೆ, ಮೇಷ್ಟ್ರು ಬೇಡವೆನ್ನುವುದಿಲ್ಲ. ಕ್ಯಾಮೆರಾವನ್ನು ಅವರು ಮುಟ್ಟುವುದಿಲ್ಲ. ಸಂಜೆ ನೆಲಮಾಳಿಗೆಯಲ್ಲಿ ಪುಸ್ತಕಗಳ ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಉಳಿದು, ತಮ್ಮದೊಂದು ಆಲ್ಬಮ್ ಕಟ್ಟುತ್ತಿದ್ದಾರೆ. ಮೂವತ್ತಾರು ಹಾಳೆ, ಹಾಳೆಗೊಂದು ಪ್ರಿಂಟು. ಬಹುಪಾಲಿನಲ್ಲಿ ಬಿಳಿ ಬಟ್ಟೆಗಳಷ್ಟೇ. ಪ್ರತಿಯೊಂದರ ಕೆಳಗೂ ಮೊದಲಿದ್ದದ್ದು ಏನೆಂದು ನೆನಪು ಮಾಡಿಕೊಂಡು ಪೆನ್ಸಿಲಿನಲ್ಲಿ ಬರೆಯುತ್ತಾರೆ: ಇಲ್ಲಿ ಕಿಟಕಿಯ ಆಚೆ ನೋಡಿದಳು. ಇಲ್ಲಿ ಕೆಮ್ಮು ಬಂತು. ಇಲ್ಲಿ, ಸುಮ್ಮನೆ ಹಾಳು ಮಾಡ್ತೀರಿ ಅಂದಳು.

ಹದಿನೇಳು ಹಾಳೆಗಳಿಗೆ ಬರೆದಾಗಿದೆ. ಹದಿನೆಂಟನೆಯದಕ್ಕೆ ಬರೆದದ್ದನ್ನು ಮೂರು ಸಲ ಅಳಿಸಿದ್ದಾರೆ. ಆಕೆ ನಕ್ಕದ್ದು ಅಲ್ಲಿಯೋ, ಅದರ ಮುಂದಿನದರಲ್ಲಿಯೋ ಖಚಿತವಾಗುತ್ತಿಲ್ಲ. ರಟ್ಟು ಸಿದ್ಧವಾಗಿದೆ, ಬೆನ್ನಿನ ಚೀಟಿಯೂ ಬರೆದಿಟ್ಟಿದೆ. ಹಾಳೆಗಳನ್ನು ಇನ್ನೂ ಹೊಲಿದಿಲ್ಲ.